ಎರಡು ಛಟಾಕಿನ ಫರಕು

ಸುರಪುರ
೧೪ ಜೂನ್ ೧೯೯೮

ಭೀಮರಾಯನಗುಡಿಯ ಪಂಪ್‌ಸೆಟ್ ಅಂಗಡಿ ಯಂಕಣ್ಣ ಅವರಿಗೆ,

ನಿಮಗೆ ನನ್ನ ಪರಿಚಯ ಇರಲಾರದು. ನಾನು ಸುರಪುರದ ದುರಗಪ್ಪನವರ ಮಗಳು ಮಲ್ಲಾಬಾಯಿ, ಇಲ್ಲೇ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹಿಂದೆ ನೀವು ಯಾದಗಿರಿಯಲ್ಲಿ ಅಮೀನುದ್ದೀನ ಸಾಹೇಬರ ಬಂದೂಕಿನ ಅಂಗಡಿಯಲ್ಲಿ ಗುಮಾಸ್ತರಾಗಿದ್ದಿರಿ ಎಂದು ತಂದೆ ಹೇಳಿದರು. "ಅಂವಗ ಬರಿ, ಬಂದೂಕಿನ ಜಾತಕ ಎಲ್ಲಾ ಅವನ ಕೈಯಾಗ ಇತ್ತು" ಅಂದರು.

ನಮ್ಮ ಅಜ್ಜ ಕೊಂಡಿದ್ದ ಜೋಡುನಳಿಗೆ ಬಂದೂಕು ನಿಮ್ಮ ಅಂಗಡಿಯದೇ. ೧೯೮೪ರ ಕೊನೆಯಲ್ಲಿ ಚುನಾವಣೆ ಬಂತೆಂದು ಎಲ್ಲ ಲೈಸೆನ್ಸುದಾರರಂತೆ ತಂದೆಯೂ ಅದನ್ನು ನಿಮ್ಮಲ್ಲಿ ಜಮಾ ಮಾಡಿದರು. ಹಿಂದೆಯೇ ಇನ್ನೊಂದು ಚುನಾವಣೆ ಬಂದದ್ದರಿಂದ ಅದೂ ಮುಗಿದ ಮೇಲೆ ಮಾರ್ಚಿನಲ್ಲಿ ಬಿಡಿಸಿಕೊಂಡು ಬಂದರು. ಮರುವರ್ಷ ಪೊಲೀಸರು ತಪಾಸಣೆಗೆ ಬಂದಾಗ ಲೈಸೆನ್ಸಿನಲ್ಲಿ ೪೬೧೮, ಬಂದೂಕಿನ ಮೇಲೆ ೪೬೧೭. ಸ್ವಂತದ್ದು ಮಾರಿ ಕಳ್ಳಮಾಲು ಇಟ್ಟುಕೊಂಡಿದ್ದಾನೆ ಎಂದು ಕೇಸಾಯಿತು. ಹತ್ತೊಂಬತ್ತು ದಿನ ಜೈಲು. ಬಂದೂಕು ಹೋಯಿತು, ಲೈಸೆನ್ಸು ಹೋಯಿತು. ಚಿಕ್ಕಪ್ಪ ಅಮರಪ್ಪ "ಅಪ್ಪನ ಬಂದೂಕು ಕಾಲುವಿ ಗುತ್ತೇದಾರಗ ಮಾರ್ಯಾನ" ಎಂದು ಬೇರೆಯಾದರು. ಈಗ ನಾಲ್ಕು ಮನೆ ಆಚೆ ಇದ್ದಾರೆ. ಹನ್ನೆರಡು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿಲ್ಲ.

ತಂದೆ ಯುಗಾದಿಯಿಂದ ಹಾಸಿಗೆ ಹಿಡಿದಿದ್ದಾರೆ. ಬಂದೂಕು ಅವರಿಗೆ ಬೇಕಿಲ್ಲ, ತಮ್ಮ ಬೇಕು.

ನಾನು ಕೇಳುವುದು ಒಂದೇ. ೪೬೧೭ನ್ನು ನಿಮ್ಮ ಅಂಗಡಿ ಮೊದಲು ಯಾರಿಗೆ ಮಾರಿತ್ತು? ಅದಲುಬದಲಾಗಿದ್ದರೆ ನಮ್ಮ ೪೬೧೮ ಅವರ ಮನೆಯಲ್ಲೇ ಇರಬೇಕು. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದೆ, ನಿಜಾಮರ ಕಾಲದ ಕಾಗದ ಗಂಟಿನಲ್ಲಿವೆ ಎಂದರು. ಗಂಟು ಬಿಚ್ಚುವವರು ಇಲ್ಲ.

ಅಂಗಡಿಯವರು ಕೋರ್ಟಿನಲ್ಲಿ ನಮ್ಮ ವಿರುದ್ಧ ಸಾಕ್ಷಿ ಹೇಳಿದರಂತೆ. ಸಾಹೇಬರು ತೀರಿಹೋಗಿದ್ದಾರೆ, ಅವರ ಮೇಲೆ ನನಗೀಗ ಸಿಟ್ಟಿಲ್ಲ. ನೀವು ಅಲ್ಲಿ ನೌಕರಿಗಿದ್ದವರು, ನಿಮಗೆ ಸಂಕೋಚ ಬೇಡ.

ಮಲ್ಲಾಬಾಯಿ

*

ಭೀಮರಾಯನಗುಡಿ
೨೨ ಜೂನ್ ೧೯೯೮

ಮಲ್ಲಾಬಾಯಿ ಟೀಚರ್ ಅವರಿಗೆ ಯಂಕಣ್ಣನ ನಮಸ್ಕಾರ.

ಪಂಪ್‌ಸೆಟ್ ಅಂಗಡಿಗೆ ಬರುವ ಕಾಗದಗಳಲ್ಲಿ ಅರ್ಧ ಮೋಟಾರು ಸುಟ್ಟವು, ಇನ್ನರ್ಧ ಸುಟ್ಟಿದ್ದು ನನ್ನಿಂದಲೇ ಎನ್ನುವವು. ನಿಮ್ಮ ಕಾಗದ ಯಾವ ಪೈಕಿ ಎಂದು ತಿಳಿಯದೆ ಎರಡು ಸಲ ಓದಿದೆ.

ತಂದೆಯವರು ನನ್ನನ್ನು ನೆನೆದದ್ದು ದೊಡ್ಡ ಮಾತು. ಸೈದಾಪುರದಿಂದ ಒಂದು ಅಂಗಿಯ ಮೇಲೆ ಯಾದಗಿರಿಗೆ ಬಂದವನು ನಾನು. ಆ ಅಂಗಡಿಯಲ್ಲೇ ಓದು, ಅಲ್ಲೇ ಬರಹ. ಮಾತಂತೂ ಹುಟ್ಟಿನಿಂದ ಬಂದದ್ದು. ಸಾಹೇಬರು ಹೇಳುತ್ತಿದ್ದರು: "ಯಂಕಣ್ಣ, ಬಂದೂಕಿಗೆ ಎರಡು ನಳಿಗಿ, ನಿನಗ ಒಂದಽ. ಆದ್ರ ನಿಂದು ಖಾಲಿ ಆಗಂಗಿಲ್ಲ."

ಸಾಹೇಬರ ತಂದೆ ನಿಜಾಮರ ಕಾಲದಲ್ಲಿ ಅಂಗಡಿ ಹಾಕಿದರು. ಸಿಕಂದರಾಬಾದಿನ ದೊಡ್ಡ ಅಂಗಡಿಯಿಂದ ರೈಲಿನಲ್ಲಿ ಮಾಲು ಬರುತ್ತಿತ್ತು, ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ. ಹೆಣ್ಣು ನೋಡಿದ ಹಾಗೆ ಒಂದೊಂದನ್ನೂ ನೋಡಿ, ತೂಗಿ, ರಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ನಂಬರು, ಬಂದ ದಿನ, ತೂಕ, ಕೊಂಡವನ ಹೆಸರು, ಊರು. ನಲವತ್ತೆಂಟರಲ್ಲಿ ಸರ್ಕಾರ ಬದಲಾದಾಗ ಎಲ್ಲರ ಬಂದೂಕು ಠಾಣೆ ಸೇರಿದವು. ಆಮೇಲೆ ಆ ರಜಿಸ್ಟರು ನೋಡಿಯೇ ಯಾರದು ಯಾರಿಗೆ ಎಂದು ತಿರುಗಿ ಕೊಟ್ಟರಂತೆ. ಅಂಥ ರಜಿಸ್ಟರು!

ಆದರೆ ಏನು ಮಾಡುವುದು. ಎಂಬತ್ತೊಂಬತ್ತರಲ್ಲಿ ಅಂಗಡಿ ಮುಚ್ಚಿದಾಗ ಕಪಾಟು ತೆರೆದರೆ ಒಳಗೆಲ್ಲ ಗೆದ್ದಲು. ರಟ್ಟು ಉಳಿದಿತ್ತು, ಹೊಟ್ಟೆ ಖಾಲಿ. ನೀವು ಸಿಕಂದರಾಬಾದಿಗೆ ಬರೆದು ನೋಡಬಹುದು. ಅವರೂ ಮುಚ್ಚಿರಬೇಕು, ಈಗ ಬಂದೂಕು ಯಾರಿಗೆ ಬೇಕು? ಕಾಲುವೆ ಬಂದ ಮೇಲೆ ಈ ಕಡೆ ಕೇಳುವುದೆಲ್ಲ ನೀರಿನ ಮಾತು.

ಕೋರ್ಟಿನ ಸಂಗತಿ ನೀವೇ ಬಿಟ್ಟಿದ್ದೀರಿ. ಒಳ್ಳೆಯದಾಯಿತು. ಸತ್ತವರು ಏನು ಹೇಳಿದರೆಂದು ಕೆದಕಿ ಯಾರಿಗೂ ಸುಖವಿಲ್ಲ.

ಯಂಕಣ್ಣ

*

ಸುರಪುರ
೧೯ ಜುಲೈ ೧೯೯೮

ಯಂಕಣ್ಣ ಅವರಿಗೆ,

ನಿಮ್ಮ ಸಲಹೆಯಿಂದ ಉಪಕಾರವಾಯಿತು. ಸಿಕಂದರಾಬಾದಿನ ಅಂಗಡಿ ಮುಚ್ಚಿದೆ, ಆದರೆ ಆ ಮನೆತನದ ನಸೀರುದ್ದೀನ ಎಂಬವರು ಅದೇ ಜಾಗದಲ್ಲಿ ಹೊಲಿಗೆ ಯಂತ್ರ ಮಾರುತ್ತಾರೆ. ಅವರ ಅಜ್ಜನ ಕಾಲದ ರವಾನೆ ಪುಸ್ತಕ ಇನ್ನೂ ಉಳಿದಿದೆ. ೧೯೩೮ರಲ್ಲಿ ಒಂದೇ ಪೆಟ್ಟಿಗೆಯಲ್ಲಿ ೪೬೧೭, ೪೬೧೮ ಎರಡೂ ಯಾದಗಿರಿಗೆ ಬಂದಿವೆ. "ಅವಳಿ ಮಕ್ಕಳಿದ್ದ ಹಾಗೆ, ಕಣ್ಣಿಗೆ ಗುರುತು ಹತ್ತುವುದಿಲ್ಲ. ಯಾರು ಯಾವುದನ್ನು ಒಯ್ದರೆಂದು ಯಾದಗಿರಿಯ ರಜಿಸ್ಟರೇ ಹೇಳಬೇಕು" ಎಂದು ಬರೆದಿದ್ದಾರೆ. ನೋಡಿ, ಗೆದ್ದಲು ನಮ್ಮ ಮನೆಗೇ ಗುರಿಯಿಟ್ಟು ತಿಂದಂತಾಯಿತು.

ಆ ಕಾಗದವನ್ನು ತಂದೆಗೆ ಓದಿ ಹೇಳಿದೆ. ಆಮೇಲೆ ಇಷ್ಟು ದಿನ ನನಗೆ ಹೇಳಿರದ ಒಂದು ಮಾತು ಹೇಳಿದರು. "ಕೈಗೆ ಗೊತ್ತಾಗಿತ್ತವ್ವಾ. ಅವತ್ತಽ ಗೊತ್ತಾಗಿತ್ತು. ಅಂಗಡ್ಯಾಗ ಅಂದೆ ನಾನು, ಇದು ನಂದಲ್ಲ ಅಂತ. ನಕ್ಕರು." ಯಾರು ನಕ್ಕರು ಎಂದೆ. "ಎಲ್ಲಾರೂ" ಎಂದು ಗೋಡೆಯ ಕಡೆ ಹೊರಳಿದರು.

ಅಂದು ಅಂಗಡಿಯಲ್ಲಿ ಯಾರು ಯಾರಿದ್ದರೆಂದು ನಿಮಗೇನಾದರೂ ನೆನಪಿದೆಯೇ? ಅವರು ಹಾಗೆ ಅಂದದ್ದನ್ನು ಕೇಳಿದ ಒಬ್ಬರು ಸಿಕ್ಕಿ, ಚಿಕ್ಕಪ್ಪನ ಮುಂದೆ ಬಂದು ಹೇಳಿದರೂ ಸಾಕು.

ಮಲ್ಲಾಬಾಯಿ

*

ಭೀಮರಾಯನಗುಡಿ
೨೭ ಜುಲೈ ೧೯೯೮

ಟೀಚರ್ ಅವರಿಗೆ ನಮಸ್ಕಾರ.

ಮಳೆ ಹಿಡಿದಿದೆ, ಕಾಲುವೆಗೂ ನೀರು ಬಿಟ್ಟಿದ್ದಾರೆ. ಅಂಗಡಿಯಲ್ಲಿ ಪುರಸೊತ್ತಿಲ್ಲ. ಚಿಕ್ಕದಾಗಿ ಬರೆಯುತ್ತೇನೆ.

ನಿಮ್ಮ ಸಲುವಾಗಿ ಹಳೆಯ ಟ್ರಂಕು ಕೆದಕಿದೆ. ರಜಿಸ್ಟರಿನ ಒಂದಿಷ್ಟು ಹಾಳೆ ಸಿಕ್ಕವು. ೪೬೧೮ ನಿಮ್ಮ ಅಜ್ಜನ ಹೆಸರಿಗೇ ಇದೆ, ಅನುಮಾನವಿಲ್ಲ. ೪೬೧೭ ಇರಬೇಕಾದ ಸಾಲಿನ ಹತ್ತಿರ ಹಾಳೆ ಹರಿದಿದೆ. ಅಂದು ಅಂಗಡಿಯಲ್ಲಿ ಯಾರಿದ್ದರೆಂದರೆ, ಚುನಾವಣೆ ಮುಗಿದ ವಾರ, ಅರ್ಧ ತಾಲ್ಲೂಕು ಅಲ್ಲಿತ್ತು. ನಕ್ಕವರನ್ನು ಎಣಿಸಿದವರು ಯಾರು?

ಇನ್ನೊಂದು ಮಾತು. ತಂದೆಯವರು ನನ್ನ ಮೇಲೆ ವಿಶ್ವಾಸ ಇಟ್ಟವರು. ನಿಮ್ಮ ಹೊಲಕ್ಕೆ ಐದು ಎಚ್‌ಪಿಯ ಹೊಸ ಪಂಪ್‌ಸೆಟ್ ಕೂಡಿಸಿ ಕೊಡಬೇಕೆಂದು ಮನಸ್ಸಾಗಿದೆ. ದುಡ್ಡಿನ ಮಾತು ಆಡಬೇಡಿ. ನನ್ನ ಮಂದಿ ಬುಧವಾರ ಬರುತ್ತಾರೆ, ಹೊಲ ತೋರಿಸಿದರೆ ಸಾಕು.

ಯಂಕಣ್ಣ

*

ಸುರಪುರ
೯ ಆಗಸ್ಟ್ ೧೯೯೮

ಯಂಕಣ್ಣ ಅವರಿಗೆ,

ನಿಮ್ಮ ಮಂದಿ ಪಂಪು ತಂದಿದ್ದರು. ವಾಪಸು ಕಳಿಸಿದೆವು. ಸಿಟ್ಟಿನಿಂದಲ್ಲ. ನಾನಂತೂ, ಎಂಥ ದೊಡ್ಡ ಮನಸ್ಸು ಎಂದು ತಂದೆಗೆ ಓದಿ ಹೇಳಿದೆ. ಅವರು ಎಷ್ಟೋ ದಿನದ ಮೇಲೆ ನಕ್ಕರು.

"ಪಂಪ್ ಯಾತಕ್ಕವ್ವ? ನಮ್ಮ ಹೊಲಕ್ಕ ಕಾಲುವಿ ನೀರು ತಾನಽ ಇಳೀತದ. ಪಂಪ್ ಮಾರೋನಿಗಿ ಇದು ಗೊತ್ತಿಲ್ಲೇನು? ಬ್ಯಾಡಾದ್ದು ಕೊಡಾಕ ಬಂದಾನಂದ್ರ ಬೇಕಾದ್ದು ಅವನ ಕಡಿನಽ ಅದ."

ಹಾಳೆ ಹರಿದಿದೆ ಎಂದುದಕ್ಕೂ ಅವರ ಉತ್ತರವಿದೆ. "ಯಂಕಣ್ಣ ಹಾಳಿ ಮೂಲಿ ಮಡಚಿದ್ರ ಮಂದೀನ ಬೈತಿದ್ದ. ಅವನ ಕೈಯಾಗ ಹಾಳಿ ಹರಿಯಂಗಿಲ್ಲ."

ಆಗ ನಾನು ಕೇಳಿದೆ, ಅಪ್ಪಾ, ಅವತ್ತು ಮೊದಲು ನಕ್ಕವರು ಯಾರು ಎಂದು. ಕೋರ್ಟಿನಲ್ಲಿ ನಿಂತವರು ಯಾರು ಎಂದೂ ಕೇಳಿದೆ. ಹೇಳಿದರು. ಎರಡಕ್ಕೂ ಒಂದೇ ಹೆಸರು. ಸಾಹೇಬರು ಕೋರ್ಟಿನ ಮೆಟ್ಟಿಲೇ ಹತ್ತಿರಲಿಲ್ಲವಂತೆ. ಜೂನ್ ತಿಂಗಳಲ್ಲಿ ನಾನು ಆ ಸತ್ತವರನ್ನು ಕ್ಷಮಿಸಿ ಬರೆದೆ. ನೀವು ಓದಿ, ಒಳ್ಳೆಯದಾಯಿತು ಎಂದಿರಿ.

ಇಷ್ಟು ಗೊತ್ತಿದ್ದೂ ಅವರಿಗೇ ಬರೆ ಎಂದು ಯಾಕೆ ಹೇಳಿದಿರಿ ಅಂತ ತಂದೆಯನ್ನು ಕೇಳಿದೆ. "ಗೊತ್ತಿದ್ದಾಂವ ಅವನೊಬ್ಬನಽ" ಎಂದರು. ಯಾಕೆ ಮಾಡಿದಿರಿ ಎಂದು ಅವರು ಕೇಳುವುದಿಲ್ಲವಂತೆ. ಬಂದೂಕು ಎಲ್ಲಿದೆ, ಅಷ್ಟು ಹೇಳಬೇಕಂತೆ.

ಯಾಕೆ ಎಂದು ನಾನು ಕೇಳುತ್ತೇನೆ.

ಮಲ್ಲಾಬಾಯಿ

*

ಭೀಮರಾಯನಗುಡಿ
೧೩ ಸೆಪ್ಟೆಂಬರ್ ೧೯೯೮

ಟೀಚರ್ ಅವರಿಗೆ,

ಒಂದು ತಿಂಗಳು ಮೇಲಾಯಿತು. ಏಳು ಕಾಗದ ಬರೆದು ಹರಿದೆ. ಏಳೂ ಚೆನ್ನಾಗಿದ್ದವು, ಅದಕ್ಕೇ ಹರಿದೆ.

ರಜಿಸ್ಟರು ಇಡಿಯಾಗಿದೆ. ಗೆದ್ದಲು ಸುಳ್ಳು, ಹರಿದ ಹಾಳೆಯೂ ಸುಳ್ಳು. ಅಂಗಡಿ ಮುಚ್ಚಿದ ದಿನ ಅದನ್ನು ನಾನೇ ಹೊತ್ತು ತಂದೆ. ಬೇರೆ ಯಾರ ಕೈಗೂ ಸಿಗಬಾರದೆಂದು ತಂದೆ. ಸುಡಲು ಕೈ ಬರಲಿಲ್ಲ. ಈ ಕಾಗದದ ಜೊತೆ ನಿಮಗೇ ಕಳಿಸಿದ್ದೇನೆ. ನಲವತ್ತೊಂದನೇ ಹಾಳೆಯಲ್ಲಿ, ೪೬೧೭ ಎದುರು ರಾಮಸಮುದ್ರದ ಮಹಾದೇವಪ್ಪನವರ ತಂದೆಯ ಹೆಸರಿದೆ. ಕೆಳಗಿನ ಸಾಲು ನಿಮ್ಮ ಅಜ್ಜನದು.

ಯಾಕೆ ಎಂದು ಕೇಳಿದ್ದೀರಿ. ನೂರ ಮೂವತ್ತು ಬಂದೂಕು ನಾಲ್ಕು ತಿಂಗಳು ನಮ್ಮಲ್ಲಿ ಕೊಳೆತವು. ಜಂಗು ಹಿಡಿಯಬಾರದೆಂದು ಎಣ್ಣೆ ಹಚ್ಚಬೇಕಾಯಿತು. ಎಣ್ಣೆ ಹಚ್ಚಲು ಹೆಸರಿನ ಚೀಟಿ ಬಿಚ್ಚಬೇಕು. ಒಂದು ಬಿಚ್ಚಿ, ಒರೆಸಿ, ಅದನ್ನೇ ಕಟ್ಟಿ ಮುಂದಿನದಕ್ಕೆ ಹೋಗು ಎಂದು ಸಾಹೇಬರ ಕಟ್ಟಪ್ಪಣೆ. ನಾನು ಎಲ್ಲವನ್ನೂ ಒಮ್ಮೆಗೇ ಬಿಚ್ಚಿದೆ. ಯಾರ ಬಂದೂಕು ಯಾವುದೆಂದು ಮೋರೆ ನೋಡಿಯೇ ಹೇಳಬಲ್ಲೆನೆಂಬ ಸೊಕ್ಕು. ನೂರ ಇಪ್ಪತ್ತೆಂಟು ಸರಿ ಕಟ್ಟಿದೆ. ಆ ಅವಳಿ ಎರಡು ಅದಲುಬದಲಾದವು.

ಅದು ತಪ್ಪು. ಇನ್ನು ಮುಂದಿನದು ತಪ್ಪಲ್ಲ, ಬೇರೆ.

ನಿಮ್ಮ ತಂದೆ ಬಂದು ಬಂದೂಕು ಹೆಗಲಿಗಿಟ್ಟರು, ಇಳಿಸಿದರು, ಮತ್ತೆ ಎತ್ತಿದರು. "ಯಂಕಣ್ಣ, ಇದು ನಂದಲ್ಲೋ. ಹಗುರ ಅದ" ಅಂದರು. ಅಂಗಡಿ ತುಂಬ ಜನ. ನಂಬರು ತಿರುಗಿಸಿ ನೋಡಿದ್ದರೆ ಮುಗಿಯುತ್ತಿತ್ತು. ನೋಡಿದರೆ ನನಗೂ ಅನುಮಾನವಿದೆ ಎಂದಾಗುತ್ತಿತ್ತು. ನಾನು ನಕ್ಕು, "ಬಂದೂಕು ಹಗುರ ಆಗಿಲ್ರಿ ದುರಗಪ್ಪ. ಚುನಾವಣಿ ಕುರಿ ತಿಂದು ನಿಮ್ಮ ರಟ್ಟಿ ಗಟ್ಟಿ ಆಗ್ಯಾವ" ಅಂದೆ. ಎಲ್ಲರೂ ನಕ್ಕರು. ನಿಮ್ಮ ತಂದೆಯೂ ನಕ್ಕರು. ನಕ್ಕು ಹೆಬ್ಬೆಟ್ಟು ಒತ್ತಿದರು.

ಎಂಟನೇ ದಿನ ರಾಮಸಮುದ್ರದ ಮಹಾದೇವಪ್ಪ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೊಡುವ ಮುಂಚೆ ನಳಿಗೆ ತಿರುಗಿಸಿದೆ. ೪೬೧೮. ಆಗಲೂ ಒಂದು ಮಾತು ಸಾಕಿತ್ತು. ಆದರೆ ಸಾಹೇಬರ ಲೈಸೆನ್ಸು ಅದೇ ತಿಂಗಳು ನವೀಕರಣಕ್ಕೆ ಹೋಗಿತ್ತು. ಇಲ್ಲಿ ಕಾಲುವೆ ಕ್ಯಾಂಪಿನಲ್ಲಿ ನನಗೆ ಅಂಗಡಿ ಸಿಗುವುದರಲ್ಲಿತ್ತು, ಸಾಹೇಬರ ಶಿಫಾರಸಿನ ಮೇಲೆ. ಕೊಟ್ಟು ಕಳಿಸಿದೆ. ಪೊಲೀಸರು ಬಂದಾಗ ಹಳೇ ರಜಿಸ್ಟರಿಲ್ಲ ಅಂದೆ. ಕೋರ್ಟಿನಲ್ಲಿ ನಿಂತು, ಚೀಟಿ ಬಿಚ್ಚಿಯೇ ಇಲ್ಲ ಅಂದೆ. ಆ ಕಡೆ ರಾಮಸಮುದ್ರದಲ್ಲಿ ತಪಾಸಣೆಗೆ ಬಂದವರು ಯಾರೂ ಬಂದೂಕು ತಿರುಗಿಸಿ ನೋಡಲಿಲ್ಲ, ಕಾಗದಕ್ಕೆ ಮೊಹರು ಒತ್ತಿ ಹೋದರು.

ಹೋದ ವಾರ ರಾಮಸಮುದ್ರಕ್ಕೆ ಹೋಗಿದ್ದೆ. ಮಹಾದೇವಪ್ಪ ಇಲ್ಲ. ಅವರ ಹೆಂಡತಿ ದೇವಕಮ್ಮನ ಹೆಸರಿಗೆ ಲೈಸೆನ್ಸು ವರ್ಗವಾಗಿದೆ. ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ನಾನು ಏನೂ ಕೇಳುವ ಮೊದಲೇ ಆಕೆ ಅಂದದ್ದು: "ನಮ್ಮನಿಯವ್ರು ಸಾಯೋ ತನಕಾ ಇದು ಭಾರ ಆಗ್ಯಾದ ಅಂತಿದ್ರಪ್ಪ. ನಿಮಗ ವಯಸ್ಸಾಗ್ಯಾದ, ಬಂದೂಕಿಗಿ ಯಾಕ ಬೈತೀರಿ ಅಂತಿದ್ದೆ ನಾನು."

ಎರಡು ಮನೆಗಳಲ್ಲಿ ಎರಡು ಕೈ ಖರೇ ಹೇಳುತ್ತಿದ್ದವು. ರಜಿಸ್ಟರಿನಲ್ಲಿ ತೂಕದ ಕಲಮು ನೋಡಿ. ೪೬೧೭, ಮೂರು ಸೇರು ಮೂರು ಛಟಾಕು. ೪೬೧೮, ಮೂರು ಸೇರು ಐದು. ಹಿಡಿಯ ಮರದಲ್ಲಿ ಎರಡು ಛಟಾಕಿನ ಫರಕು, ಸೇರಿನ ಎಂಟನೇ ಒಂದು ಪಾಲು, ಅಷ್ಟೆ. ಅರವತ್ತು ವರ್ಷದಿಂದ ಬರೆದೇ ಇತ್ತು.

ಶಹಾಪುರದ ವಕೀಲರ ಮುಂದೆ ಹೇಳಿಕೆ ಬರೆಸಿ ಸಹಿ ಮಾಡಿದ್ದೇನೆ. ಸುಳ್ಳು ಸಾಕ್ಷಿಗೆ ಏನಾಗುತ್ತದೆಂದು ಅವರು ಹೇಳಿದರು. ಆಗಲಿ. ನಿಮ್ಮ ಚಿಕ್ಕಪ್ಪನವರಿಗೆ ಇದನ್ನು ಓದಿ ಹೇಳಿ.

ಯಂಕಣ್ಣ

*

ಸುರಪುರ
೧೮ ಸೆಪ್ಟೆಂಬರ್ ೧೯೯೮

ಯಂಕಣ್ಣ ಅವರಿಗೆ,

ರಜಿಸ್ಟರು ಮುಟ್ಟಿತು. ನಿಮ್ಮ ಕಾಗದವನ್ನು ತಂದೆಗೆ ಎರಡು ಸಲ ಓದಿದೆ. ತೂಕದ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿ, ಮೂರನೇ ಸಲ ಅದಷ್ಟೇ ಓದಿಸಿದರು.

ಚಿಕ್ಕಪ್ಪನ ಮನೆಗೆ ನಾನೇ ಹೋದೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದರು. "ಕಾಗದ ಯಾರು ಬೇಕಾದ್ರೂ ಬರೀತಾರ. ಮಾಸ್ತರಕಿ ಮಾಡಾಕಿ, ನೀನಽ ಬರದಿರಬಹುದು" ಎಂದರು. ನಾನು ತಿರುಗಿ ಬಂದೆ.

ತಂದೆಗೆ ಹೇಳಿದರೆ ಬೇಸರ ಮಾಡಿಕೊಳ್ಳಲಿಲ್ಲ. "ಖರೇ ಅದ. ಬಾಯಿಂದ ಹೋಗಿದ್ದು ಬಾಯಿಂದಽ ಬರಬೇಕು. ಯಂಕಣ್ಣಗ ಬಾ ಅನ್ನು" ಎಂದರು. ಅದನ್ನು ಹೇಳಿಕಳಿಸಿದ ಮೇಲೆ ಚಿಕ್ಕಪ್ಪ ಒಪ್ಪಿದ್ದಾರೆ. "ಅಂಗಡ್ಯಾಂವ ಬರ್ತಾನಂದ್ರ ಬರ್ತೀನಿ. ನಿಮ್ಮಪ್ಪನ್ನ ನೋಡಾಕಲ್ಲ."

ಮಂಗಳವಾರ ಬೆಳಗಿನ ಬಸ್ಸಿಗೆ ಬನ್ನಿ. ನಾನು ಶಾಲೆಗೆ ಹೋಗಿರುತ್ತೇನೆ. ರಜೆ ಹಾಕಬಹುದಿತ್ತು. ನಿಮ್ಮನ್ನು ನೋಡಲಾರೆ.

ಮಲ್ಲಾಬಾಯಿ

*

ಭೀಮರಾಯನಗುಡಿ
೨೪ ಸೆಪ್ಟೆಂಬರ್ ೧೯೯೮

ಟೀಚರ್ ಅವರಿಗೆ,

ಮನೆಯಲ್ಲಿ ನಿಮಗೆ ಹೇಳಿರುತ್ತಾರೆ. ಆದರೂ ನೀವಿಲ್ಲದಾಗ ನಡೆದದ್ದನ್ನು ನನ್ನ ಕೈಯಿಂದಲೂ ಬರೆದು ಕೊಡುವುದು ಇದೆ.

ನಾನು ಬರಿಗೈಯಲ್ಲಿ ಬರಲಿಲ್ಲ. ಅಂಗಡಿಯ ಕಬ್ಬಿಣದ ಪೈಪಿನಲ್ಲಿ ಒಂದೇ ಉದ್ದದ ಎರಡು ತುಂಡು ಕತ್ತರಿಸಿದ್ದೆ. ಒಂದು ಮೂರು ಸೇರು ಮೂರು ಛಟಾಕು. ಇನ್ನೊಂದರ ಹೊಟ್ಟೆಯಲ್ಲಿ ಎರಡು ಛಟಾಕು ಮರಳು ಬಿಗಿದು ತುಂಬಿ, ಎರಡರ ಬಾಯಿಗೂ ಬಿರಡೆ ಬಡಿದೆ. ಬಂದೂಕು ತರಲು ಕಾನೂನಿಲ್ಲ. ತೂಕ ತರಬಹುದಲ್ಲ.

ನಿಮ್ಮ ಚಿಕ್ಕಪ್ಪ ಹೊಸ್ತಿಲ ಮೇಲೆ ಕೂತಿದ್ದರು, ಒಂದು ಕಾಲು ಒಳಗೆ, ಒಂದು ಹೊರಗೆ. ನಾನು ಎಲ್ಲ ಹೇಳಿದೆ. ಚೀಟಿ, ಎಣ್ಣೆ, ಕೋರ್ಟು, ರಾಮಸಮುದ್ರ. ಮುಗಿದ ಮೇಲೆ ನಿಮ್ಮ ತಂದೆ ಅಂದರು: "ಅವತ್ತು ಏನಂದಿದ್ದಿ, ಅದನ್ನ ಹಂಗಽ ಅನ್ನು. ನಗು ಸಹಿತ."

ಮಾತು ಅಂದೆ. ಚುನಾವಣೆಯ ಕುರಿ, ರಟ್ಟೆ, ಎಲ್ಲ. ನಗು ಬರಲಿಲ್ಲ. ನಿಮ್ಮ ತಂದೆ ಕಾಯುತ್ತಿದ್ದರು. ಇನ್ನೊಮ್ಮೆ ಯತ್ನಿಸಿದೆ, ಕೆಮ್ಮು ಬಂತು.

ಚಿಕ್ಕಪ್ಪ ಆಗ ಮೊದಲ ಸಲ ಅಣ್ಣನ ಕಡೆ ನೋಡಿದರು. "ಇಂಥಾ ಮಾತಿಗಿ ನೀ ನಕ್ಕೇನು?"

"ನಕ್ಕೆ, ಅಮರ. ಮಂದಿ ಎಲ್ಲಾ ನಗಾಕತ್ತಿದ್ರು. ನಾನೂ ನಕ್ಕೆ."

ನನ್ನ ಲೆಕ್ಕದಲ್ಲಿ ಆ ನಗುವಿನ ತಪ್ಪು ನನ್ನದಾಗಿತ್ತು. ಅವರು ಅದನ್ನು ತಮ್ಮದೆಂದು ಹದಿಮೂರು ವರ್ಷ ಇಟ್ಟುಕೊಂಡಿದ್ದಾರೆ. ಇದು ನನಗೆ ಗೊತ್ತಿರಲಿಲ್ಲ.

ಪೈಪು ಎರಡೂ ಕೊಟ್ಟೆ. ನಿಮ್ಮ ತಂದೆ ಕಣ್ಣು ಮುಚ್ಚಿ ಒಂದೊಂದಾಗಿ ಅಂಗೈ ಮೇಲೆ ಇಟ್ಟುಕೊಂಡರು. ತಡವಾಗಲಿಲ್ಲ. "ಇದು ಅಪ್ಪಂದು." ಸರಿಯಾಗಿತ್ತು. ಚಿಕ್ಕಪ್ಪ, "ನೀವಿಬ್ರೂ ಮಾತಾಡ್ಕೊಂಡೀರಿ" ಎಂದು ಎದ್ದು ಬಂದು, ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ತಾವೇ ಎರಡನ್ನೂ ಕೌದಿಯ ಕೆಳಗೆ ಹೊರಳಾಡಿಸಿ ಎತ್ತಿದರು. ಆಮೇಲೆ ಅಂದರು: "ಹೊಲಕ್ಕ ಹಂದಿ ಬರದಂಗ ಕಾಯಾಕ ಹೋದಾಗ, ಬರೂ ಮುಂದ ಅಪ್ಪ ನನ್ನ ಹೆಗಲಿಗಿ ಕೊಡ್ತಿದ್ದ. ಹೊಲದಿಂದ ಮನಿತನಕಾ ನಾನಽ ಹೊರ್ತಿದ್ದೆ."

ತಿರುಗಿ ನೋಡಿದೆ. ಮರಳು ತುಂಬಿದ್ದೇ ಅವರ ಹೆಗಲ ಮೇಲಿತ್ತು.

ಅದನ್ನು ಅವರು ಕೆಳಗಿಡಲಿಲ್ಲ. ಗೋಡೆಯಲ್ಲಿ ಹಿಂದೆ ಬಂದೂಕು ಇಡುತ್ತಿದ್ದ ಎರಡು ಗೂಟ ಖಾಲಿ ಇದ್ದವಲ್ಲ, ಅವುಗಳ ಮೇಲೆ ಅಡ್ಡ ಇಟ್ಟರು. ಆಮೇಲೆ ಹಾಸಿಗೆಯ ಕಾಲ ಕಡೆ ಕೂತು ಅಣ್ಣನ ಪಾದ ಒತ್ತತೊಡಗಿದರು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಇನ್ನೊಂದು ಪೈಪು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ನಿಜವಾದ ಬಂದೂಕಿಗೆ ಅರ್ಜಿ ಹಾಕಿದೆ. ದೇವಕಮ್ಮ ಒಪ್ಪಿದ್ದಾರೆ. ವಕೀಲರು ತಡವಾಗುತ್ತದೆ ಎನ್ನುತ್ತಾರೆ. ನನ್ನ ಕೇಸಿನ ತಾರೀಖು ಬಂದಾಗ ನಾನು ಹಾಜರಿರುತ್ತೇನೆ. ನೀವು ಉತ್ತರ ಬರೆಯಬೇಕೆಂದಿಲ್ಲ.

ಆ ಪೈಪು ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಲ್ಲಿಸಿದ್ದೇನೆ. ನಿನ್ನೆ ಗಿರಾಕಿಯೊಬ್ಬ, ಎರಡೂ ಕಡೆ ಬಿರಡೆ ಹೊಡೆದ ಈ ಪೈಪು ಯಾತಕ್ಕೆ ಎಂದು ಕೇಳಿದ. ಹೇಳಬೇಕೆಂದು ಬಾಯಿ ತೆರೆದೆ. ನಾಲಿಗೆಗೆ ಮೊದಲು ಬಂದದ್ದು ಒಂದು ತಮಾಷೆಯ ಮಾತು, ಅದನ್ನು ಬಿಟ್ಟು, ತೂಕ ನೋಡು ಎಂದು ಪೈಪನ್ನು ಅವನ ಕೈಗೆ ಕೊಟ್ಟೆ.

ಯಂಕಣ್ಣ